ಏಪ್ರಿಲ್ 5: ಪುಣೆಯ ಕನ್ನಡ ಮಕ್ಕಳಿಗೆ ಪಂಡಿತಾ ರಮಾಬಾಯಿ ಕಥೆ ಹೇಳುವುದು ಹೀಗೆ

ನನ್ನ ತವರು ಕಳಸ. ಗಂಗಾಮೂಲ ನಮ್ಮ ಕಡೆಯ ಕಾಡು. ವಿಧವೆಯರ ಓದಿಗಾಗಿ ದುಡಿದ ಸಂಸ್ಕೃತ ವಿದುಷಿ ಪಂಡಿತಾ ರಮಾಬಾಯಿ ಹುಟ್ಟಿದ್ದು ಅಲ್ಲೇ ಅಂತ ನನಗೆ ಗೊತ್ತಾಗಿದ್ದು ಮದುವೆಯಾಗಿ ಪುಣೆಗೆ ಬಂದ ಮೇಲೆ. ಈಗ ಪ್ರತಿ ವರ್ಷ ಏಪ್ರಿಲ್ 5ರಂದು, ಅವರು ತೀರಿಕೊಂಡ ದಿನ, ಕೋಥ್ರೂಡ್‌ನ ನಮ್ಮ ಸೊಸೈಟಿಯ ಮಕ್ಕಳನ್ನು ಕೂರಿಸಿಕೊಂಡು ಕಥೆ ಹೇಳುತ್ತೇನೆ. ನೀವೂ ಹೇಳಿ.

ಮೊದಲು ಫೋಟೋ ಸರಿ ನೋಡಿಕೊಳ್ಳಿ. ಪುಣೆಯಲ್ಲಿ ಇನ್ನೊಬ್ಬ ರಮಾಬಾಯಿ ಇದ್ದರು, ನ್ಯಾಯಮೂರ್ತಿ ರಾನಡೆಯವರ ಹೆಂಡತಿ. ಅವರು ತೀರಿಕೊಂಡಿದ್ದು 1924ರಲ್ಲಿ. ಒಂದು ವರ್ಷ ನಾನು ಅವರ ಚಿತ್ರಕ್ಕೇ ಹೂವು ಹಾಕಿಬಿಟ್ಟಿದ್ದೆ. ನಮ್ಮ ರಮಾಬಾಯಿಯದು ಬಿಳಿ ಸೀರೆ, ಗಿಡ್ಡ ಕೂದಲು.

ಆಮೇಲೆ ಭಾರತದ ಭೂಪಟ, ಗುಂಡುಸೂಜಿ, ಕೆಂಪು ದಾರ. ಇಸವಿಗಳ ಪಟ್ಟಿ ಓದಬೇಡಿ, ಮಕ್ಕಳು ಎದ್ದು ಓಡುತ್ತಾರೆ. ದಾರ ಅವರ ಕೈಗೇ ಕೊಡಿ. ಮೊದಲ ಸೂಜಿ ಗಂಗಾಮೂಲಕ್ಕೆ, 1858. ಹೆಂಡತಿಗೆ ಸಂಸ್ಕೃತ ಕಲಿಸಿದ್ದಕ್ಕೆ ವಿರೋಧ ಕಟ್ಟಿಕೊಂಡು ಕಾಡಿಗೆ ಬಂದು ನೆಲೆಸಿದ ಅಪ್ಪ ಅನಂತಶಾಸ್ತ್ರಿ ಡೋಂಗ್ರೆ ಬಗ್ಗೆ ಇಲ್ಲಿ ನಿಧಾನವಾಗಿ ಹೇಳಿ. ಮನೆಮಾತು ಮರಾಠಿ, ಆದರೆ ರಮಾಬಾಯಿಗೆ ಕನ್ನಡವೂ ಬರುತ್ತಿತ್ತು. ಇದನ್ನು ಕೇಳಿದಾಗ ನಮ್ಮ ಮಕ್ಕಳ ಮುಖ ನೋಡಬೇಕು!

ಮುಂದೆ ಊರೂರು ಅಲೆದಾಟ, ಬರ, ಅಪ್ಪ ಅಮ್ಮನ ಸಾವು. ದಾರ ಕಲ್ಕತ್ತೆಗೆ ಹೋಗಲಿ. ‘ಪಂಡಿತಾ’, ‘ಸರಸ್ವತಿ’ ಬಿರುದು ಸಿಕ್ಕಿದ್ದು ಅಲ್ಲಿ, 1878ರಲ್ಲಿ. ಬೇರೆ ಜಾತಿಯ ಬಂಗಾಳಿ ವಕೀಲರನ್ನು ಮದುವೆಯಾದರು. ಎರಡು ವರ್ಷ ತುಂಬುವ ಮೊದಲೇ ಗಂಡ ಹೋದರು. ಕೈಯಲ್ಲಿ ಪುಟ್ಟ ಮಗಳು ಮನೋರಮಾ. ಹಾಗೆ 1882ರಲ್ಲಿ ಪುಣೆಗೆ.

1889ರಲ್ಲಿ ಮುಂಬೈಯಲ್ಲಿ ವಿಧವೆಯರಿಗಾಗಿ ಶಾರದಾ ಸದನ ಎಂಬ ಶಾಲೆ ತೆರೆದರು, ಮರುವರ್ಷ ಅದನ್ನು ಪುಣೆಗೆ ತಂದರು. ಅಲ್ಲಿ ಕಲಿತ ವಿಧವೆ ಗೋದೂಬಾಯಿಯನ್ನು 1893ರಲ್ಲಿ ಮದುವೆಯಾದವರು ಸಮಾಜ ಸುಧಾರಕ ಧೋಂಡೊ ಕೇಶವ ಕರ್ವೆ. ನಮ್ಮ ಮಕ್ಕಳ ಸ್ಕೂಲ್ ಬಸ್ಸು ದಿನಾ ಹೋಗುವ ಕರ್ವೆ ರೋಡ್ ಅವರದೇ ಹೆಸರಲ್ವಾ? ಇಷ್ಟು ಹೇಳಿದರೆ ಸಾಕು, ಹಳೆಯ ಕಥೆ ನಮ್ಮ ಬೀದಿಗೇ ಬಂದುಬಿಡುತ್ತದೆ.

ಒಂದು ಕಷ್ಟದ ಭಾಗ ಇದೆ. ಸದನ ತೆರೆಯುವ ಮೊದಲು ಇಂಗ್ಲೆಂಡಿಗೆ ಹೋಗಿದ್ದಾಗ ರಮಾಬಾಯಿ ಕ್ರೈಸ್ತರಾಗಿದ್ದರು. ಸದನದ ಹುಡುಗಿಯರ ಮನಸ್ಸನ್ನೂ ಆ ಕಡೆ ತಿರುಗಿಸುತ್ತಿದ್ದಾರೆ ಅಂತ ಪುಣೆಯಲ್ಲಿ ದೊಡ್ಡ ಗಲಾಟೆಯಾಯಿತು. ತಿಲಕರ ‘ಕೇಸರಿ’ ಪತ್ರಿಕೆ ರಮಾಬಾಯಿಯ ವಿರುದ್ಧ ಬರೆಯಿತು. ಜೊತೆಗಿದ್ದ ಸುಧಾರಕರಾದ ರಾನಡೆ, ಭಂಡಾರ್ಕರ್ ಕೂಡ ದೂರ ಸರಿದರು. ಎಷ್ಟೋ ಮನೆಯವರು ಹುಡುಗಿಯರನ್ನು ಬಿಡಿಸಿಕೊಂಡು ಹೋದರು. ಇದನ್ನು ಮುಚ್ಚಿಡಬೇಡಿ. ದೊಡ್ಡ ಮಕ್ಕಳು ಕೇಳಿಯೇ ಕೇಳುತ್ತಾರೆ, ಎರಡೂ ಕಡೆಯವರ ಮಾತು ಹೇಳಿ. ಸುಮ್ನೆ ಹೊಗಳಿದರೆ ಅವರು ಪಟ್ಟ ಪಾಡು ಮಕ್ಕಳಿಗೆ ತಿಳಿಯುವುದಿಲ್ಲ.

ಕೊನೆಯ ಸೂಜಿ ಪುಣೆ ಜಿಲ್ಲೆಯ ಕೇಡಗಾಂವ್‌ಗೆ. ಬರದಲ್ಲಿ ಅನ್ನವಿಲ್ಲದ ನೂರಾರು ಹೆಣ್ಣುಮಕ್ಕಳನ್ನು ಕರೆತಂದು ಅಲ್ಲಿ ತಾವು ಕಟ್ಟಿದ ಮುಕ್ತಿ ಮಿಷನ್‌ನಲ್ಲಿ ಸಾಕಿದರು. ಅಚ್ಚಿನ ಕೆಲಸ, ನೇಯ್ಗೆ ಕಲಿಸಿದರು. 1921ರಲ್ಲಿ ಮನೋರಮಾ ತೀರಿಕೊಂಡಳು. ಒಂದು ವರ್ಷವೂ ಆಗಲಿಲ್ಲ, 1922ರ ಏಪ್ರಿಲ್ 5ರಂದು ತಾಯಿಯೂ ಹೋದರು. 64 ತುಂಬಲು 18 ದಿನ ಬಾಕಿ ಇತ್ತು. ಈ ಲೆಕ್ಕ ಮಕ್ಕಳೇ ಮಾಡಲಿ.

ಸಾಧ್ಯವಾದರೆ ಆ ವಾರದ ಭಾನುವಾರ ಕೇಡಗಾಂವ್‌ಗೇ ಕರೆದುಕೊಂಡು ಹೋಗಿ. ದೌಂಡ್ ಕಡೆಯ ಲೋಕಲ್ ಅಲ್ಲಿ ನಿಲ್ಲುತ್ತದೆ. ಅವರ ಸಮಾಧಿ ಅಲ್ಲೇ ಇದೆ. ಮಿಷನ್ ಈಗಲೂ ಹೆಂಗಸರು, ಮಕ್ಕಳು ವಾಸವಾಗಿರುವ ಜಾಗ. ಮೊದಲೇ ಒಪ್ಪಿಗೆ ಕೇಳಿ, ಅಲ್ಲಿರುವವರ ಫೋಟೋ ತೆಗೆಯಬೇಡಿ. ಬುತ್ತಿ ಕಟ್ಟಿಕೊಳ್ಳಿ, ನೀರು ಜಾಸ್ತಿ ಇಟ್ಟುಕೊಳ್ಳಿ. ಏಪ್ರಿಲ್ ಬಿಸಿಲು ಅಲ್ಲಿ ತುಂಬ ಕಠಿಣ.