ಇಪ್ಪತ್ತೈದು ತೊಟ್ಟೆಗೆ ಒಂದು ಕಾಲೊರಸು

ಪ್ಲಾಸ್ಟಿಕ್ ಚೀಲ ನಮಗೆ ಊರಿನಲ್ಲಿ ತೊಟ್ಟೆ, ಬೆಂಗಳೂರಿನವರಿಗೆ ಕವರು, ಮುಂಬಯಿ ಮಾರುಕಟ್ಟೆಯಲ್ಲಿ ಪಿಶವಿ. ಮಹಾರಾಷ್ಟ್ರದಲ್ಲಿ ಇದನ್ನು 2018ರ ಮಾರ್ಚ್‌ನಲ್ಲೇ ನಿಷೇಧಿಸಿದ್ದಾರೆ, ಆ ವರ್ಷದ ಜೂನ್ 23ರಿಂದ ದಂಡವೂ ಶುರುವಾಯಿತು, ಮೊದಲ ಸಲಕ್ಕೆ 5,000 ರೂಪಾಯಿ. ಆದರೂ ಮೀನಿನ ಜೊತೆ ಒಂದು, ಹೂವಿನ ಜೊತೆ ಒಂದು, ಆನ್‌ಲೈನ್ ಸಾಮಾನಿನ ಜೊತೆ ಇನ್ನೊಂದು ಮನೆಗೆ ಬರುತ್ತಲೇ ಇದೆ. ಸಿಂಕಿನ ಕೆಳಗೆ ಒಂದು ದೊಡ್ಡ ತೊಟ್ಟೆಯೊಳಗೆ ಐವತ್ತು ಸಣ್ಣ ತೊಟ್ಟೆ ತುರುಕಿಟ್ಟಿರದ ಮನೆ ಡೊಂಬಿವಲಿಯಿಂದ ದಹಿಸರ್‌ವರೆಗೆ ಹುಡುಕಿದರೂ ಸಿಗುವುದು ಕಷ್ಟ. ಅವುಗಳಿಂದ ಹೂವು, ಗೊಂಬೆ, ತೋರಣ ಮಾಡಬಹುದು ಅನ್ನುವವರಿದ್ದಾರೆ. ಮಾಡಿ ಹದಿನೈದು ದಿನಕ್ಕೆ ಧೂಳು ಹಿಡಿದು ಕಸಕ್ಕೇ ಹೋಗುವ ಕೆಲಸ ಅದು. ಒಂದೇ ಏಟಿಗೆ ಹತ್ತಾರು ತೊಟ್ಟೆ ಮುಗಿಯಬೇಕು, ಮಾಡಿದ್ದು ಎರಡು ಮೂರು ವರ್ಷ ಬಾಳಿಕೆ ಬರಬೇಕು. ಇಲ್ಲಿ ಹೇಳುವುದು ಅಂಥವನ್ನೇ.

ಮೊದಲು ಜಾತಿ ನೋಡಿ

ಎಲ್ಲ ತೊಟ್ಟೆಯೂ ಒಂದೇ ಪ್ಲಾಸ್ಟಿಕ್ ಅಲ್ಲ. ಹಿಸುಕಿದರೆ ಚರಚರ ಸದ್ದು ಮಾಡುವ ತೆಳ್ಳನೆಯ ಹಿಡಿಕೆ ಚೀಲ ಎಚ್‌ಡಿಪಿಇ. ಗುರುತು ಹಾಕಿದ್ದರೆ ತ್ರಿಕೋನದೊಳಗೆ 2 ಎಂದಿರುತ್ತದೆ. ಸದ್ದಿಲ್ಲದೆ ಮೆತ್ತಗಿದ್ದು ಎಳೆದರೆ ಹಿಗ್ಗುವುದು ಎಲ್‌ಡಿಪಿಇ, ಅಂಕೆ 4. ಬಟ್ಟೆ ಅಂಗಡಿಯ ಮೆತ್ತನೆಯ ಚೀಲ, ಹಾಲಿನ ತೊಟ್ಟೆ, ಕೊರಿಯರ್ ಲಕೋಟೆ ಹೆಚ್ಚಾಗಿ ಈ ಗುಂಪಿನವು. ಬಟ್ಟೆಯಂತೆ ಕಾಣುವ, ಮೈತುಂಬ ಸಣ್ಣ ಚುಕ್ಕೆ ಒತ್ತಿದ ನಾನ್‌ವೋವನ್ ಚೀಲ ಬಟ್ಟೆಯಲ್ಲ, ಅದೂ ಪ್ಲಾಸ್ಟಿಕ್ಕೇ: ಪಾಲಿಪ್ರೊಪಿಲೀನ್, ಅಂಕೆ 5. ಬೆಳಕು ತಾಗುವ ಕಡೆ ವರ್ಷಗಟ್ಟಲೆ ಇಟ್ಟರೆ ಮುಟ್ಟಿದಲ್ಲೆಲ್ಲ ಉದುರುತ್ತದೆ. ಅದನ್ನು ಕೂಡಿಡದೆ ಸಂತೆಗೆ ಒಯ್ದು ಸವೆಸಿಬಿಡಿ.

ಸೀರೆ, ಬೆಡ್‌ಶೀಟಿನ ಜೊತೆ ಬರುವ ದಪ್ಪ ಪಾರದರ್ಶಕ ಜಿಪ್ ಕವರ್ ಕೆಲವೊಮ್ಮೆ ಪಿವಿಸಿ ಆಗಿರುತ್ತದೆ. ಸಂಶಯ ಬಂದರೆ ಮೂಲೆಯಿಂದ ಒಂದು ಚೂರು ಕತ್ತರಿಸಿ, ಪಾತ್ರೆ ತೊಳೆಯುವ ಸೋಪು ಒಂದು ಹನಿ ಹಾಕಿದ ನೀರಿನಲ್ಲಿ ಬೆರಳಿನಿಂದ ಅದ್ದಿ ಬಿಡಿ. ತೇಲಿದರೆ ಮೇಲಿನ ಮೂರರಲ್ಲಿ ಒಂದು. ಮುಳುಗಿದರೆ ಪಿವಿಸಿ ಇರಬಹುದು. ಸೋಪು ಯಾಕೆಂದರೆ, ಅಂಟಿಕೊಂಡ ಗಾಳಿಗುಳ್ಳೆ ಮುಳುಗುವ ಚೂರನ್ನೂ ತೇಲಿಸಿಬಿಡುತ್ತದೆ. ಮುಳುಗಿದ್ದಕ್ಕೆ ಇಸ್ತ್ರಿಪೆಟ್ಟಿಗೆ ತಾಗಿಸಲೇಬಾರದು, ಪಿವಿಸಿ ಕಾದರೆ ಬರುವ ಹೊಗೆಯಲ್ಲಿ ಹೈಡ್ರೋಕ್ಲೋರಿಕ್ ಆಮ್ಲ ಇರುತ್ತದೆ.

ಮೀನಿನ ತೊಟ್ಟೆಯನ್ನು ಮೊದಲು ತಣ್ಣೀರಿನಲ್ಲಿ ಜಾಲಾಡಿ, ಆಮೇಲೆ ಸೋಪು. ಬಿಸಿನೀರು ಮೊದಲೇ ಹಾಕಿದರೆ ರಕ್ತ, ಲೋಳೆ ಹೆಪ್ಪುಗಟ್ಟಿ ಅಂಟಿಕೊಳ್ಳುತ್ತದೆ. ಒಳಮೈ ಹೊರಗೆ ಮಾಡಿ ಗ್ಯಾಲರಿಯ ದಾರಕ್ಕೆ ಕ್ಲಿಪ್ ಹಾಕಿ ಒಣಗಿಸಿ. ಮಳೆಗಾಲದಲ್ಲಿ ರಾತ್ರಿಯಿಡೀ ಫ್ಯಾನಿನ ಕೆಳಗೆ. ಒಣಗಿದ ಮೇಲೂ ವಾಸನೆ ಬಂದರೆ ಅದು ಕಸಕಟ್ಟುವ ತೊಟ್ಟೆ, ಕಾಲೊರಸಿಗೆ ಬೇಡ.

ಬಳೆ ಕತ್ತರಿಸಿ, ಹಗ್ಗ ಮಾಡಿ

ಲೆಕ್ಕ ಮೊದಲೇ ಗೊತ್ತಿದ್ದರೆ ಅರ್ಧಕ್ಕೆ ನಿಲ್ಲುವುದಿಲ್ಲ. ಚಪ್ಪಟೆ ಮಾಡಿದಾಗ 12 ಇಂಚು ಅಗಲ, ಹಿಡಿಕೆ ಬಿಟ್ಟು 16 ಇಂಚು ಉದ್ದ ಇರುವ ಚರಚರ ತೊಟ್ಟೆಯಿಂದ 2 ಇಂಚಿನ ಎಂಟು ಬಳೆ, ಅಂದರೆ ಬಳೆಯಂತೆ ದುಂಡಗಿನ ಪಟ್ಟಿ ಸಿಗುತ್ತವೆ. ಗಂಟಿಗೆ ಹೋಗುವುದು ಕಳೆದು ಒಂದೊಂದು ಬಳೆಗೆ ಹತ್ತೂವರೆ ಇಂಚು, ಅಂದರೆ ತೊಟ್ಟೆಯೊಂದಕ್ಕೆ ಸುಮಾರು 7 ಅಡಿ ಎಳೆ. 18ಕ್ಕೆ 24 ಇಂಚಿನ ಮೊಟ್ಟೆಯಾಕಾರದ ಕಾಲೊರಸಿಗೆ ಮುಕ್ಕಾಲು ಇಂಚು ಅಗಲದ ಜಡೆ ಸುಮಾರು 40 ಅಡಿ ಬೇಕು. ಹೆಣೆದಾಗ ಎಳೆ ಗಿಡ್ಡವಾಗುವುದರಿಂದ ಮೂರು ಎಳೆ ಸೇರಿ 150 ಅಡಿ ಎಂದಿಟ್ಟುಕೊಳ್ಳಿ. ಲೆಕ್ಕಕ್ಕೆ 22 ತೊಟ್ಟೆ ಸಾಕು, ಹರಿದುಹೋಗುವುದನ್ನೂ ಸೇರಿಸಿ 25 ಇಟ್ಟುಕೊಂಡು ಕೂರಿ.

ಫ್ಯಾನ್ ಆರಿಸಿ. ಚೂರು ಹಾರಿ ಗ್ಯಾಲರಿ ದಾಟಿದರೆ ಸೇರುವುದು ಗಟಾರವನ್ನೇ; 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ 944 ಮಿಲಿಮೀಟರ್ ಮಳೆ ಬಿದ್ದ ದಿನ ಮುಂಬಯಿಯ ಗಟಾರಗಳಿಗೆ ಅಡ್ಡ ನಿಂತದ್ದರಲ್ಲಿ ತೊಟ್ಟೆಗಳೂ ಇದ್ದವು.

ತೊಟ್ಟೆಯ ಇಕ್ಕೆಲದ ಮಡಿಕೆ ಬಿಡಿಸಿ, ನೆಲದ ಮೇಲೆ ಹಾಸಿ ಅಂಗೈಯಿಂದ ಗಾಳಿ ಹೊರದಬ್ಬಿ. ಉದ್ದಕ್ಕೆ ಎರಡು ಸಲ ಮಡಿಸಿದರೆ 3 ಇಂಚು ಅಗಲದ ಪಟ್ಟಿಯಾಗುತ್ತದೆ. ಕೆಳಗಿನ ಹೊಲಿಗೆಯನ್ನೂ ಮೇಲಿನ ಹಿಡಿಕೆಯನ್ನೂ ಕತ್ತರಿಸಿ ತೆಗೆಯಿರಿ. ಉಳಿದದ್ದನ್ನು ಬೆಂಡೆಕಾಯಿ ಹೆಚ್ಚುವ ಹಾಗೆ ಅಡ್ಡಡ್ಡ ಕತ್ತರಿಸಿ: ತೆಳುವಾದದ್ದಕ್ಕೆ 2 ಇಂಚು, ದಪ್ಪದ್ದಕ್ಕೆ 1 ಇಂಚು. ಬಿಡಿಸಿದರೆ ಒಂದೊಂದೂ ಬಳೆ. ಬಳೆಯಾಗದೆ ಪಟ್ಟಿಯಾಗಿ ಬಿಚ್ಚಿಕೊಂಡರೆ ತೊಟ್ಟೆಯನ್ನು ಅಡ್ಡಕ್ಕೆ ಮಡಿಸಿ ಉದ್ದಕ್ಕೆ ಕತ್ತರಿಸಿದ್ದೀರಿ ಎಂದರ್ಥ. ಕತ್ತರಿ ಹರಿತವಾಗಿರಲಿ, ಅಂಚಿನಲ್ಲಿ ಹಲ್ಲು ಮೂಡಿದರೆ ಎಳೆದಾಗ ಅಲ್ಲಿಂದಲೇ ಸೀಳುತ್ತದೆ.

ಜೋಡಿಸುವುದು ರಬ್ಬರ್ ಬ್ಯಾಂಡ್ ಜೋಡಿಸಿದಂತೆಯೇ. ಹೊಸ ಬಳೆಯ ಒಂದು ತುದಿಯನ್ನು ಹಳೆಯ ಬಳೆಯೊಳಗೆ ತೂರಿಸಿ, ಆ ತುದಿಯ ಕುಣಿಕೆಯೊಳಗಿಂದ ಹೊಸ ಬಳೆಯ ಇನ್ನೊಂದು ತುದಿಯನ್ನು ಹೊರಗೆ ತಂದು ಎಳೆಯಿರಿ. ಮೆಲ್ಲಗೆ! ಜಗ್ಗಿದರೆ ಗಂಟು ಬೀಳುವ ಮೊದಲೇ ಪ್ಲಾಸ್ಟಿಕ್ ಬಿಳುಚಿಕೊಳ್ಳುತ್ತದೆ. ಬಿಳುಚಿದ ಜಾಗ ಹಿಗ್ಗಿ ಸತ್ತ ಜಾಗ, ನಾಳೆ ಹರಿಯುವುದೂ ಅಲ್ಲೇ. ಗಂಟು ಕಡಲೆಕಾಳಿನಷ್ಟಾದರೆ ಸಾಕು. ಸುಮಾರು 50 ಅಡಿಯ ಮೂರು ಎಳೆ ಮಾಡಿ, ಬೇರೆ ಬೇರೆ ಉಂಡೆ ಸುತ್ತಿ, ಒಂದೊಂದಕ್ಕೂ ರಬ್ಬರ್ ಬ್ಯಾಂಡ್ ಹಾಕಿಡಿ.

ಮೂರೂ ತುದಿಯನ್ನು ಕಿಟಕಿಯ ಗ್ರಿಲ್ಲಿಗೆ ಕಟ್ಟಿ ಮಾಮೂಲಿ ಜಡೆ ಹೆಣೆಯಿರಿ. ಒಂದು ಎಚ್ಚರಿಕೆ: ಮೂರು ಎಳೆಯ ಗಂಟುಗಳೂ ಒಂದೇ ಕಡೆ ಬಂದರೆ ಆ ಜಾಗ ಹುಣ್ಣಿನಂತೆ ಉಬ್ಬುತ್ತದೆ. ಕಟ್ಟುವಾಗಲೇ ಒಂದೊಂದು ಎಳೆಯನ್ನೂ 3 ಇಂಚು ಹಿಂದೆ ಮುಂದೆ ಮಾಡಿದರೆ ಗಂಟುಗಳು ಚದುರಿಹೋಗುತ್ತವೆ.

ಸುತ್ತಿ ಹೊಲಿಯುವುದು: ಕೆಡುವುದು ಇಲ್ಲೇ

ದಬ್ಬಣ, ಗಟ್ಟಿ ನೈಲಾನ್ ದಾರ ಬೇಕು. ಹತ್ತಿ ದಾರ ಒದ್ದೆಗೆ ಕೊಳೆಯುತ್ತದೆ. ಮೊಟ್ಟೆಯಾಕಾರಕ್ಕೆ ನಡುವಿನ ನೇರ ಜಡೆ ಎಷ್ಟುದ್ದ ಇರಬೇಕೆಂದರೆ, ಉದ್ದದಲ್ಲಿ ಅಗಲ ಕಳೆದಷ್ಟು: 24ರಲ್ಲಿ 18 ಹೋದರೆ 6 ಇಂಚು. ಆ 6 ಇಂಚು ನೇರ ಇಟ್ಟು, ಅಲ್ಲಿಂದ ತಿರುಗಿಸಿ ಸುತ್ತುತ್ತಾ ಬನ್ನಿ. ಸೂಜಿಯನ್ನು ಮೇಲಿಂದ ಕೆಳಕ್ಕೆ ಚುಚ್ಚಬೇಡಿ, ದಾರ ಕಾಲಿಗೆ ಸಿಕ್ಕಿ ಸವೆಯುತ್ತದೆ. ಅಕ್ಕಪಕ್ಕದ ಜಡೆಗಳ ಬದಿಯ ಕುಣಿಕೆಗಳೊಳಗೆ ಅಡ್ಡಕ್ಕೆ ಹಾಯಿಸಿ ಎಳೆದರೆ ದಾರ ನಡುವೆ ಅಡಗಿಬಿಡುತ್ತದೆ. ನೇರ ಇರುವಲ್ಲಿ ಒಳಗಿನ ಒಂದು ಕುಣಿಕೆಗೆ ಹೊರಗಿನ ಒಂದು. ತಿರುವಿನಲ್ಲಿ ಆಗಾಗ ಒಳಗಿನ ಒಂದಕ್ಕೆ ಹೊರಗಿನ ಎರಡು.

ಎರಡು ಸುತ್ತಿಗೊಮ್ಮೆ ನೆಲದ ಮೇಲಿಟ್ಟು ನೋಡಿ. ಅಂಚು ಮೇಲೆದ್ದು ಬಟ್ಟಲಿನಂತಾದರೆ ಹೊರಸುತ್ತು ಬಿಗಿಯಾಗಿದೆ, ತಿರುವಿನಲ್ಲಿ ಕುಣಿಕೆ ಹೆಚ್ಚಿಸಿಲ್ಲ. ಅಂಚು ನೆರಿಗೆ ನೆರಿಗೆಯಾದರೆ ಹೆಚ್ಚಿಸಿದ್ದು ಜಾಸ್ತಿಯಾಯಿತು. ಮುಗಿದ ಮೇಲೆ ಭಾರ ಹೇರಿದರೆ ಸರಿಹೋಗುತ್ತದೆ ಅನ್ನುವುದು ಸುಳ್ಳು. ಆ ಸುತ್ತು ಬಿಚ್ಚಿ ಮತ್ತೆ ಹೊಲಿಯುವುದೊಂದೇ ದಾರಿ. ಕೊನೆಯ ತುದಿಯ ಮೂರು ಎಳೆಯನ್ನು ಬೇರೆ ಬೇರೆ ಉದ್ದಕ್ಕೆ ಕತ್ತರಿಸಿ ಹಿಂದಿನ ಜಡೆಯೊಳಗೆ ನುಸುಳಿಸಿದರೆ ಅಂಚಿನಲ್ಲಿ ಮೆಟ್ಟಿಲು ಕಾಣುವುದಿಲ್ಲ.

ಒಂದು ತೆಳು ತೊಟ್ಟೆ ಐದಾರು ಗ್ರಾಂ ತೂಗಿದರೆ ಇಡೀ ಕಾಲೊರಸು 150 ಗ್ರಾಂ ದಾಟುವುದಿಲ್ಲ. ಹಾಗಾಗಿ ನುಣುಪಾದ ಟೈಲ್ಸಿನ ಮೇಲೆ ಜಾರುತ್ತದೆ, ಬಚ್ಚಲ ಬಾಗಿಲಲ್ಲಂತೂ ವಯಸ್ಸಾದವರಿಗೆ ಅಪಾಯ. ಸೈಕಲ್ಲಿನ ಹಳೆಯ ಟ್ಯೂಬ್ ಸೀಳಿ ನಾಲ್ಕು ಪಟ್ಟಿ ಕೆಳಗೆ ಹೊಲಿಯದೆ ಬಳಸಬೇಡಿ. ಇದು ನೀರು ಹೀರುವುದೂ ಇಲ್ಲ. ಚಪ್ಪಲಿಯ ಕೆಸರು ಕೆರೆಯುವುದಕ್ಕೆ, ಹೊರಬಾಗಿಲಿಗೆ ಇದು ಸರಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಾರಿನ ಮ್ಯಾಟು ಬೂಸ್ಟು ಹಿಡಿದು ನಾರುವಾಗ ಇದನ್ನು ನಲ್ಲಿಯ ಕೆಳಗೆ ಹಿಡಿದು ಒದರಿದರೆ ಮುಗಿಯಿತು.

ಕ್ರೋಶಾ ಬರುವವರು ಇದೇ ಎಳೆಯನ್ನು 8 ಮಿಲಿಮೀಟರ್ ಕಡ್ಡಿಯಲ್ಲಿ ಹಾಕಿ ಸಂತೆಚೀಲ ಮಾಡಬಹುದು. ಬಿಗಿಯಾಗಿ ಹಾಕಿದರೆ ಕೈ ನೋಯುತ್ತದೆ. ಪುಣೆಯ ರೀಚರಖಾ ಸಂಸ್ಥೆಯವರು ಪಟ್ಟಿಗಳನ್ನು ಚರಖಾದಲ್ಲಿ ಸುತ್ತಿ ಕೈಮಗ್ಗದಲ್ಲಿ ನೇಯಿಸುತ್ತಾರೆ; ಮನೆಯಲ್ಲಿ ಮಗ್ಗ ಇಲ್ಲದವರಿಗೆ ಜಡೆಯೇ ಗತಿ.

ಇಸ್ತ್ರಿ ಹಾಕಿ ಹಾಳೆ

ಮೂರು ನಾಲ್ಕು ಚರಚರ ತೊಟ್ಟೆ ಒಂದರ ಮೇಲೊಂದು ಹಾಸಿದರೆ ಆರರಿಂದ ಎಂಟು ಪದರ. ಇಸ್ತ್ರಿಯಿಂದ ಅವು ಒಂದೇ ಹಾಳೆಯಾಗಿ ಅಂಟಿಕೊಳ್ಳುತ್ತವೆ. ಪೌಚು, ಪುಸ್ತಕದ ಹೊದಿಕೆ, ಲ್ಯಾಪ್‌ಟಾಪ್ ಕವರಿಗೆ ಬರುತ್ತದೆ. ಜಾತಿ ಬೆರೆಸಬಾರದು. ಎಲ್‌ಡಿಪಿಇ ಸುಮಾರು 110 ಡಿಗ್ರಿಗೆ, ಎಚ್‌ಡಿಪಿಇ 130ಕ್ಕೆ, ನಾನ್‌ವೋವನ್ 160ರ ಆಸುಪಾಸಿಗೆ ಕರಗುತ್ತದೆ. ಬೆರೆಸಿದರೆ ಒಂದು ತೂತಾದರೂ ಇನ್ನೊಂದು ಅಂಟಿರುವುದಿಲ್ಲ.

ಅಂಗಡಿಯ ಹೆಸರು ಅಚ್ಚಾದ ಮೈ ಒಳಗೆ ಬರಲಿ, ಶಾಯಿ ಕರಗಿ ಮೆತ್ತುತ್ತದೆ. ಮೇಲೂ ಕೆಳಗೂ ಬೇಕಿಂಗಿಗೆ ಬಳಸುವ ಪಾರ್ಚ್‌ಮೆಂಟ್ ಕಾಗದ ಇಡಿ. ಮೇಣದ ಕಾಗದ ಇಟ್ಟರೆ ಮೇಣವೂ ಅಂಟುತ್ತದೆ. ಉಗಿ ಬಂದ್ ಮಾಡಿ, ಗುಂಡಿಯನ್ನು ರೇಷ್ಮೆ ಮತ್ತು ಉಣ್ಣೆಯ ನಡುವೆ ಇಟ್ಟು, ಪೆಟ್ಟಿಗೆಯನ್ನು ನಿಲ್ಲಿಸದೆ ನಿಧಾನ ಸರಿಸುತ್ತಾ ಹತ್ತು ಹದಿನೈದು ಸೆಕೆಂಡು; ತಿರುಗಿಸಿ ಮತ್ತೆ ಅಷ್ಟೇ. ಪೆಟ್ಟಿಗೆಗಳ ಬಿಸಿ ಒಂದೇ ಸಮ ಇರುವುದಿಲ್ಲ, ಅಂಗೈಯಗಲದ ಚೂರಿನ ಮೇಲೆ ಮೊದಲು ಪರೀಕ್ಷಿಸಿ. ಪದರ ಉಗುರಿಗೆ ಬಿಚ್ಚಿಕೊಂಡರೆ ಬಿಸಿ ಸಾಲದು, ಜಾಳಿಗೆಯಂತೆ ತೂತು ಬಿದ್ದರೆ ಜಾಸ್ತಿ. ಕಿಟಕಿಗಳೆಲ್ಲ ತೆರೆದಿರಲಿ, ಕಟುವಾಸನೆ ಬಂದರೆ ಆಗಲೇ ನಿಲ್ಲಿಸಿ. ಹಾಳೆ ಕುಗ್ಗುವುದರಿಂದ ಬೇಕಾದ ಅಳತೆಗಿಂತ ಎಲ್ಲ ಕಡೆ 2 ಇಂಚು ಹೆಚ್ಚು ಇಟ್ಟುಕೊಳ್ಳಿ, ತಣಿಯುವವರೆಗೆ ದಪ್ಪ ಪುಸ್ತಕಗಳ ಕೆಳಗಿಡಿ.

ಹೊಲಿಯುವಾಗ ಗುಂಡುಸೂಜಿ ಬೇಡ, ಪ್ರತಿ ತೂತೂ ಉಳಿದುಬಿಡುತ್ತದೆ. ಬಟ್ಟೆ ಒಣಗಿಸುವ ಕ್ಲಿಪ್ ಸಾಕು. ಹೊಲಿಗೆ 3–4 ಮಿಲಿಮೀಟರ್ ಉದ್ದ ಇರಲಿ. ಸಣ್ಣ ಹೊಲಿಗೆ ಹಾಕಿದರೆ ಅಂಚೆಚೀಟಿಯಂತೆ ಸಾಲುತೂತಾಗಿ ಅಲ್ಲಿಗೇ ಹರಿಯುತ್ತದೆ.

ಸಣ್ಣಪುಟ್ಟದ್ದು, ಮತ್ತು ಬೇಡವೇ ಬೇಡವಾದದ್ದು

ಒಳ್ಳೆಯ ತೊಟ್ಟೆಯನ್ನು ಉದ್ದಕ್ಕೆ ಮಡಿಸಿ, ಬುಡದಿಂದ ಸಮೋಸಾದಂತೆ ತ್ರಿಕೋನ ತ್ರಿಕೋನವಾಗಿ ಸುತ್ತಿ, ಹಿಡಿಕೆಯನ್ನು ಒಳಗೆ ಸಿಕ್ಕಿಸಿ. ಬ್ಯಾಗಿನ ಮೂಲೆಯಲ್ಲಿ ಎರಡಿದ್ದರೆ ಲೋಕಲ್ ಟ್ರೇನಿನಲ್ಲಿ ಒದ್ದೆ ಛತ್ರಿ ಪಕ್ಕದವರ ಕಾಲಮೇಲೆ ತೊಟ್ಟಿಕ್ಕುವುದಿಲ್ಲ. ಹಾಲಿನ ತೊಟ್ಟೆಯ ಮೂಲೆಯನ್ನು ಪೂರ್ತಿ ಕತ್ತರಿಸದೆ ಸೀಳಿ ಬಿಡಿ, ಆ ಚೂರು ಬೇರೆಯಾದರೆ ಯಾರ ಕೈಗೂ ಸಿಗದು. ಅರ್ಧ ಲೀಟರಿನ ತೊಟ್ಟೆಗೆ ಬುಡದಲ್ಲಿ ಆರು ತೂತು ಹಾಕಿದರೆ ಮೆಣಸಿನ ಸಸಿಗೆ ಒಂದು ತಿಂಗಳ ಮನೆ. ಅದಕ್ಕಿಂತ ಹೆಚ್ಚು ದಿನ ಗ್ಯಾಲರಿಯ ಬಿಸಿಲಿನಲ್ಲಿ ಇಡಬೇಡಿ. ಬಿಸಿಲು ತಿಂದ ತೆಳು ಪ್ಲಾಸ್ಟಿಕ್ ಪುಡಿಯಾಗಿ ಮಣ್ಣಿನಲ್ಲೇ ಸೇರಿಹೋಗುತ್ತದೆ, ಹೆಕ್ಕುವುದಕ್ಕೂ ಆಗುವುದಿಲ್ಲ.

ರೇಷ್ಮೆ ಸೀರೆ, ಚರ್ಮದ ಚಪ್ಪಲಿಯನ್ನು ಮಳೆಗಾಲಕ್ಕೆಂದು ತೊಟ್ಟೆಯಲ್ಲಿ ಬಿಗಿದಿಟ್ಟರೆ ಒಳಗಿನ ತೇವ ಹೊರಬರದೆ ಬೂಸ್ಟು ಬರುತ್ತದೆ. ಅವಕ್ಕೆ ಹಳೆಯ ಪಂಚೆಯೇ ಮೇಲು. ಕಪ್ಪು ಮತ್ತು ಬಣ್ಣದ ತೊಟ್ಟೆಯಲ್ಲಿ ತಿಂಡಿ, ಅದರಲ್ಲೂ ಬಿಸಿ ಸಾರು, ಬೇಡ. ಊರಿಗೆ ಹೋದಾಗ ಹಂಡೆ ಒಲೆಗೆ ತೊಟ್ಟೆ ಹಾಕಿ ಬೆಂಕಿ ಹೊತ್ತಿಸುವ ಅಭ್ಯಾಸ ಇನ್ನೂ ಕಾಣುತ್ತದೆ, ಬಚ್ಚಲು ತುಂಬುವ ಆ ಹೊಗೆಯನ್ನು ಕುಡಿಯುವವರು ಸ್ನಾನಕ್ಕೆ ನಿಂತವರೇ.

ಕತ್ತರಿಸಿ ಉಳಿದ ಹಿಡಿಕೆ, ಬುಡದ ಪಟ್ಟಿಗಳನ್ನು ಒಂದು ಕೊರಿಯರ್ ಲಕೋಟೆಗೆ ತುಂಬುತ್ತಾ ಬನ್ನಿ. ಕಾಲು ಕಿಲೋ ಆದಾಗ ಬಾಯಿ ಹೊಲಿದು, ಹಳೆಯ ಜೀನ್ಸಿನ ಕಾಲಿನೊಳಗೆ ತೂರಿಸಿ ಎರಡೂ ಕಡೆ ಹೊಲಿದರೆ ನೆಲ ಒರೆಸುವಾಗ ಮೊಣಕಾಲಿಗೆ ಇಡುವ ದಿಂಬು ಸಿದ್ಧ. ಗ್ಯಾಸ್ ಒಲೆ, ದೇವರ ದೀಪದ ಹತ್ತಿರ ಮಾತ್ರ ಇದನ್ನಾಗಲಿ ಕಾಲೊರಸನ್ನಾಗಲಿ ಹಾಕಬೇಡಿ. ಕಾಲೊರಸು ಸವೆದಾಗ ನೈಲಾನ್ ದಾರ ಬಿಚ್ಚಿ, ಜಡೆಯನ್ನು ತೊಳೆದು ಒಣಗಿಸಿ, ಹಸಿ ಕಸಕ್ಕೆ ತಾಗದಂತೆ ಸೂಕಾ ಕಚ್ರಾದ, ಅಂದರೆ ಒಣ ಕಸದ ಬುಟ್ಟಿಗೆ ಹಾಕಿ.