ಕೈತಿಂಡಿಯ ಬೂಷ್ಟು ಹಾಲಿಗಿಳಿಯದಂತೆ ನಾವು ಅನುಸರಿಸುವ ಕ್ರಮ

ಕೈತಿಂಡಿಗೆ, ಅಂದರೆ ಹಸುವಿಗೆ ಕೊಡುವ ಕಾಳು, ಹಿಂಡಿ, ಬೂಸಾಕ್ಕೆ, ಹತ್ತುವ ಬೂಷ್ಟು ಅಫ್ಲಾಟಾಕ್ಸಿನ್ ಬಿ1 ಎಂಬ ವಿಷ ಬಿಡುತ್ತದೆ. ಹಸು ತಿಂದ ಈ ಬಿ1 ಅದರ ಯಕೃತ್ತಿನಲ್ಲಿ ಎಂ1 ಎಂಬ ಇನ್ನೊಂದು ವಿಷವಾಗಿ ಬದಲಾಗಿ ಹಾಲಿಗೆ ಬರುತ್ತದೆ. ತಿಂದದ್ದರಲ್ಲಿ ಶೇ 1ರಿಂದ 3ರಷ್ಟು, ಹೆಚ್ಚು ಹಾಲು ಕರೆಯುವ ಹಸುಗಳಲ್ಲಿ ಶೇ 6ರವರೆಗೂ ಹೀಗೆ ಬರಬಹುದು. ಹಾಲಿನಲ್ಲಿ ಎಂ1 ಕಿಲೋಗೆ 0.5 ಮೈಕ್ರೋಗ್ರಾಂ ದಾಟಬಾರದೆಂದು ನಮ್ಮ ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮವಿದೆ. ನಾನು ಲೆಕ್ಕ ಹಾಕುವುದು ಈ ತುದಿಯಿಂದಲೇ. ದಿನಕ್ಕೆ 10 ಲೀಟರ್ ಹಾಲು, 5 ಕಿಲೋ ಕೈತಿಂಡಿ, ಅದರ ವಿಷದಲ್ಲಿ ಶೇ 2 ಹಾಲಿಗೆ ಎಂದಿಟ್ಟುಕೊಳ್ಳಿ. ತಿಂಡಿಯಲ್ಲಿ ಕಿಲೋಗೆ 50 ಮೈಕ್ರೋಗ್ರಾಂ ಬಿ1 ಇದ್ದರೆ ಹಾಲು ಮಿತಿಗೆ ಬಂದು ನಿಂತಿತು. ಆ 5 ಕಿಲೋದಲ್ಲಿ ಉಳಿದೆಲ್ಲ ಶುದ್ಧವಾಗಿದ್ದು, 250 ಮೈಕ್ರೋಗ್ರಾಂ ಇರುವ ಶೇಂಗಾ ಹಿಂಡಿ ಒಂದೇ ಕಿಲೋ ಸೇರಿದರೂ ಸಾಕು. ಪಶು ಆಹಾರಕ್ಕೆ ಭಾರತೀಯ ಮಾನಕ ಬ್ಯೂರೊ (ಬಿಐಎಸ್) ಕಿಲೋಗೆ 20 ಮೈಕ್ರೋಗ್ರಾಂ ಬಿ1ರ ಮಿತಿ ಇಟ್ಟಿರುವುದು ಸರಿಯಾಗಿಯೇ ಇದೆ. 2018ರ ರಾಷ್ಟ್ರೀಯ ಹಾಲು ಸಮೀಕ್ಷೆಯಲ್ಲಿ ನೋಡಿದ 6,432 ಮಾದರಿಗಳಲ್ಲಿ 368 ಎಂ1 ಮಿತಿ ಮೀರಿದ್ದವು. ಇದು ಯಾರೋ ಬೆರೆಸಿದ ಕಲಬೆರಕೆಯಲ್ಲ, ಮೇವು ಮತ್ತು ತಿಂಡಿಯ ದಾರಿಯಿಂದ ಬಂದದ್ದು.

ಹಾಲು ಕಾಯಿಸಿದರೆ ಇದು ಹೋಗುವುದಿಲ್ಲ. ಪನೀರಿನಲ್ಲಂತೂ ಹಾಲಿಗಿಂತ ಸಾಂದ್ರವಾಗುತ್ತದೆ, ಯಾಕೆಂದರೆ ಹಾಲು ಒಡೆದಾಗ ಪನೀರಾಗಿ ನಿಲ್ಲುವ ಕೇಸೀನ್ ಪ್ರೋಟೀನಿಗೆ ಎಂ1 ಅಂಟಿಕೊಳ್ಳುತ್ತದೆ. ಹಾಗಾಗಿ ತಡೆಯಬೇಕಾದ ಜಾಗ ಕಾಳು ಒಣಗಿಸುವ ಕಣ ಮತ್ತು ಹಿಂಡಿ ಕೊಳ್ಳುವ ಗಾಣ.

ಮೆಕ್ಕೆಜೋಳವನ್ನು ಮೊದಲು ಹೇಳುತ್ತೇನೆ. ದಾವಣಗೆರೆ, ಹಾವೇರಿ ಕಡೆ ಮುಂಗಾರಿನ ಬೆಳೆ ಕಟಾವಿಗೆ ಬರುವಾಗ ಮಳೆ ಇನ್ನೂ ಪೂರ್ತಿ ಬಿಟ್ಟಿರುವುದಿಲ್ಲ, ಕಾಳಿನ ತೇವಾಂಶ ಶೇ 20ರ ಮೇಲೆಯೇ ಇರುತ್ತದೆ. ಆಸ್ಪರ್ಜಿಲಸ್ ಫ್ಲೇವಸ್ ಎಂಬ ಈ ಬೂಷ್ಟಿಗೆ 25ರಿಂದ 35 ಡಿಗ್ರಿ ಬಿಸಿ, ಜೊತೆಗೆ ತೇವ ಇದ್ದರೆ ಹಬ್ಬ. ತೆನೆಯನ್ನು ಹಸಿಯಾಗಿಯೇ ಮಿಷನ್ನಿಗೆ ಕೊಟ್ಟರೆ ಕಾಳು ಒಡೆಯುತ್ತದೆ, ಒಡೆದ ಕಾಳಿನ ಹಿಟ್ಟಿನ ಭಾಗಕ್ಕೇ ಬೂಷ್ಟು ಮೊದಲು ಹತ್ತುವುದು. ಆದ್ದರಿಂದ ಸಿಪ್ಪೆ ಸುಲಿದ ತೆನೆಯನ್ನೇ ಒಣಗಿಸಿ, ತೇವ 16ರ ಆಸುಪಾಸಿಗೆ ಬಂದ ಮೇಲೆ ಕಾಳು ಬಿಡಿಸುತ್ತೇವೆ. ಆಮೇಲೆ ತಾಡಪಾಲಿನ ಮೇಲೆ ನಾಲ್ಕು ಬೆರಳು ದಪ್ಪಕ್ಕಿಂತ ತೆಳುವಾಗಿ ಹರವಿ, ಗಂಟೆಗೊಮ್ಮೆ ಕಾಲಾಡಿಸಿ 12ಕ್ಕೆ ಇಳಿಸುತ್ತೇವೆ. ಮಣ್ಣಿನ ನೆಲದ ಮೇಲೆ ನೇರ ಹರವುವುದಿಲ್ಲ: ಬೂಷ್ಟಿನ ಬೀಜಕಣ ಇರುವುದೇ ಮಣ್ಣಿನಲ್ಲಿ, ರಾತ್ರಿ ನೆಲದ ತೇವವೂ ಮೇಲೇರುತ್ತದೆ. ಸಂಜೆ ಬಿಸಿ ಕಾಳನ್ನು ಹಾಗೆಯೇ ಚೀಲಕ್ಕೆ ತುಂಬಬಾರದು. ಚೀಲದ ಹೊರಮೈ ಮೊದಲು ತಣಿದು, ಒಳಗಿನ ಆವಿ ಅಲ್ಲಿ ನೀರಾಗಿ ನಿಲ್ಲುತ್ತದೆ. ಪೂರ್ತಿ ಆರಿದ ಮೇಲೆ ತುಂಬಿ.

ತೇವ ಅಳೆಯುವ ಮೀಟರ್ ಇಲ್ಲದವರಿಗೆ ಉಪ್ಪಿನ ಪರೀಕ್ಷೆ ಇದೆ. ಒಣಗಿದ ಗಾಜಿನ ಸೀಸೆಯಲ್ಲಿ ಕಾಲು ಭಾಗ ಕಾಳು, ಹುರಿದು ಆರಿಸಿದ ಉಪ್ಪು ಎರಡು ಮೂರು ಚಮಚ ಹಾಕಿ ಚೆನ್ನಾಗಿ ಕುಲುಕಿ, ಕಾಲು ಗಂಟೆ ಬಿಡಬೇಕು. ಉಪ್ಪು ಗಾಜಿಗೆ ಅಂಟಿದರೆ ತೇವ ಸುಮಾರು 15ಕ್ಕಿಂತ ಹೆಚ್ಚು. ಅಂಟದಿದ್ದರೆ 15ಕ್ಕಿಂತ ಕಡಿಮೆ ಎಂದಷ್ಟೇ ಅರ್ಥ, 12 ಆಗಿದೆ ಎಂದಲ್ಲ. ಇನ್ನೂ ಒಂದೆರಡು ಬಿಸಿಲು ಬೇಕು.

ರೈತರು ಒಣಗಿಸದೆ ಮಾರುವುದಕ್ಕೆ ಕಾರಣ ತೂಕ. ಶೇ 18 ತೇವದ ಒಂದು ಕ್ವಿಂಟಾಲು 12ಕ್ಕೆ ಒಣಗಿದಾಗ 93 ಕಿಲೋ ಆಗುತ್ತದೆ. ಒಂದೇ ದರ ಸಿಗುವಾಗ ಆ 7 ಕಿಲೋವನ್ನು ಅವರು ಯಾಕೆ ಬಿಟ್ಟುಕೊಡಬೇಕು? ನಾವು ಅಕ್ಕಪಕ್ಕದವರಿಂದ ಕೊಳ್ಳುವಾಗ ಒಣಕಾಳಿಗೆ ಅದೇ ಲೆಕ್ಕದಲ್ಲಿ ಹೆಚ್ಚು ದರ ಕಟ್ಟುತ್ತೇವೆ. ಇಷ್ಟು ಮಾಡದೆ ಬರೀ ಬುದ್ಧಿಮಾತು ಹೇಳಿ ಉಪಯೋಗವಿಲ್ಲ.

ದಾಸ್ತಾನಿನಲ್ಲಿ ಚೀಲಗಳು ಹಲಗೆಯ ಮೇಲೆ, ಗೋಡೆಯಿಂದ ಎರಡು ಅಡಿ ದೂರ. ತಗಡಿನ ಸೂರಿನಡಿ ರಾತ್ರಿಯ ಹನಿ ಬೀಳುವ ಜಾಗ ಬಿಡಬೇಕು. ನುಸಿ ಬಿದ್ದರೂ ತಡಮಾಡಬಾರದು, ಹುಳದ ಉಸಿರಿನಿಂದಲೇ ಕಾಳು ಬಿಸಿಯಾಗಿ ತೇವ ಏರುತ್ತದೆ.

ಹೆಚ್ಚಿನ ಅಪಾಯ ಹಿಂಡಿಯದು. ಶೇಂಗಾದಲ್ಲಿ ವಿಷ ಹೊಲದಲ್ಲೇ ಸೇರಬಹುದು: ಕಾಯಿ ಬಲಿಯುವ ಕೊನೆಯ ವಾರಗಳಲ್ಲಿ ಮಳೆ ಕೈಕೊಟ್ಟು ಮಣ್ಣು ಕಾದರೆ ಬೂಷ್ಟು ಕಾಯಿಯೊಳಗೆ ಹೊಗುತ್ತದೆ. ಚಳ್ಳಕೆರೆ, ಪಾವಗಡದಂಥ ಮಳೆಯಾಶ್ರಿತ ಸೀಮೆಯಲ್ಲಿ ಇದನ್ನು ನೆನಪಿಡಬೇಕು. ಸುಲಿಯಲು ಸುಲಭವಾಗಲೆಂದು ಕಾಯಿಗೆ ನೀರು ಚಿಮುಕಿಸುವ ರೂಢಿ ಇನ್ನೂ ಕೆಟ್ಟದ್ದು. ವಿಷದ ಬಹುಪಾಲು ಇರುವುದು ಸುಕ್ಕಿದ, ಬಣ್ಣಗೆಟ್ಟ, ತೂತುಬಿದ್ದ ಬೀಜಗಳಲ್ಲಿ. ತಿನ್ನಲು ಆರಿಸಿದ ಮೇಲೆ ಉಳಿಯುವ ಆ ಬೀಜವೇ ಗಾಣಕ್ಕೆ ಹೋದರೆ, ಎಣ್ಣೆ ತೆಗೆದ ಮೇಲೆ ವಿಷ ಹೆಚ್ಚಾಗಿ ಹಿಂಡಿಯಲ್ಲಿ ನಿಲ್ಲುತ್ತದೆ. ಅದಕ್ಕೇ ನಾವು ಗಾಣದಲ್ಲಿ ಹಿಂಡಿಗಿಂತ ಮೊದಲು ಬೀಜದ ರಾಶಿ ನೋಡುತ್ತೇವೆ. ಮಳೆಗಾಲದಲ್ಲಿ ಹದಿನೈದು ದಿನಕ್ಕಾಗುವಷ್ಟೇ ಕೊಳ್ಳುತ್ತೇವೆ, ಹಿಂಡಿಯನ್ನು ಮುರಿದು ಒಳಗೆ ನೋಡುತ್ತೇವೆ. ಹಸಿರು ಹುಡಿ ಕಂಡರೆ ಬೇಡ. ಕಾಣದಿದ್ದರೂ ಖಾತ್ರಿಯಿಲ್ಲ, ಬೂಷ್ಟು ಸತ್ತುಹೋದ ಮೇಲೂ ವಿಷ ಉಳಿದಿರುತ್ತದೆ.

ಖಾತ್ರಿ ಬೇಕಾದರೆ ಪ್ರಯೋಗಾಲಯಕ್ಕೇ ಕಳಿಸಬೇಕು, ಆದರೆ ಮಾದರಿ ತೆಗೆಯುವುದರಲ್ಲೇ ಬಹಳ ಜನ ಎಡವುತ್ತಾರೆ. ವಿಷ ರಾಶಿಯಲ್ಲಿ ಸಮವಾಗಿ ಹರಡಿರುವುದಿಲ್ಲ, ಅಲ್ಲೊಂದು ಇಲ್ಲೊಂದು ಕಾಳಿನಲ್ಲಿ ಗುಡ್ಡೆಯಾಗಿರುತ್ತದೆ. ಒಂದು ಹಿಡಿ ತೆಗೆದರೆ ತಪ್ಪಿಸಿಕೊಳ್ಳುವುದೇ ಹೆಚ್ಚು. ಪ್ರತಿ ಚೀಲದ ಮೇಲೆ, ನಡುವೆ, ಕೆಳಗೆ ಸ್ವಲ್ಪ ಸ್ವಲ್ಪ ತೆಗೆದು 5 ಕಿಲೋ ಕೂಡಿಸಿ, ಅಷ್ಟನ್ನೂ ಬೀಸಿ, ಕಲಸಿ, ಅದರಿಂದ ಅರ್ಧ ಕಿಲೋ ಕಾಗದದ ಚೀಲದಲ್ಲಿ ಕಳಿಸುತ್ತೇವೆ. ಪ್ಲಾಸ್ಟಿಕ್ಕಿನಲ್ಲಿ ಬೆವರಿ ದಾರಿಯಲ್ಲೇ ಬೂಷ್ಟು ಬೆಳೆದೀತು.

ವಿಷ ಹಿಡಿದಿಡುವ ಬೆಂಟೊನೈಟ್ ಜೇಡಿಯನ್ನು ಮಳೆಗಾಲದಲ್ಲಿ ಟನ್ ತಿಂಡಿಗೆ 5 ಕಿಲೋದಂತೆ ಬೆರೆಸುತ್ತೇವೆ. ಮೊದಲು ಬೂಸಾದಲ್ಲಿ ಕಲಸಿ ಆಮೇಲೆ ಪೂರ್ತಿ ರಾಶಿಗೆ ಸೇರಿಸಿದರೆ ಸಮನಾಗುತ್ತದೆ. ಅಫ್ಲಾಟಾಕ್ಸಿನ್ನಿಗೆ ಇದು ಒಳ್ಳೆಯದು, ಬೇರೆ ಹಲವು ಬೂಷ್ಟು ವಿಷಗಳಿಗೆ ಅಷ್ಟಾಗಿ ನಾಟುವುದಿಲ್ಲ. ಇದೆಯಲ್ಲ ಎಂದು ಕೆಟ್ಟ ಹಿಂಡಿ ಕೊಳ್ಳುವುದು ಮಾತ್ರ ಸಲ್ಲದು.

ಹಾಲಿನ ಪರೀಕ್ಷೆಯಲ್ಲಿ ಎಂ1 ಹೆಚ್ಚು ಬಂದರೆ ಅನುಮಾನದ ಹಿಂಡಿಯನ್ನು ಅಂದೇ ನಿಲ್ಲಿಸಿ, ಬದಲಿಗೆ ಪರೀಕ್ಷೆಯಾದ ಸೋಯಾ ಹಿಂಡಿ ಕೊಡಿ. ಸಾಮಾನ್ಯವಾಗಿ ಮೂರು ನಾಲ್ಕು ದಿನದಲ್ಲಿ ಹಾಲು ತಿಳಿಯಾಗುತ್ತದೆ, ಐದನೆಯ ದಿನ ಮತ್ತೆ ಮಾದರಿ ಕೊಡಿ. ತೆಗೆದಿಟ್ಟ ಹಿಂಡಿಯನ್ನು ಕರುಗಳಿಗೋ ಕೋಳಿಗೋ ಹಾಕಬೇಡಿ. ಅವು ದೊಡ್ಡ ಹಸುವಿಗಿಂತ ಬೇಗ ಬೀಳುತ್ತವೆ, ಬಾತುಕೋಳಿಯಂತೂ ಎಲ್ಲಕ್ಕಿಂತ ಬೇಗ. ಒಳ್ಳೆಯ ಹಿಂಡಿಯಲ್ಲಿ ಬೆರೆಸಿ ತೆಳುಮಾಡಲೂ ಹೋಗಬೇಡಿ. ಯಾರೂ ಮತ್ತೆ ತೆಗೆಯದಂತೆ ಆಳವಾದ ಗುಂಡಿ ತೋಡಿ ಹೂಳುವುದೇ ಸರಿ.