ಮರ ಹತ್ತುವ ಮೊದಲೇ ಇಳಿಸುವ ಹಗ್ಗ

ಮೈಸೂರಿನ ರಸ್ತೆಬದಿಯ ಮಳೆಮರಗಳಲ್ಲಿ ಒಣಕೊಂಬೆ ತೆಗೆಯುವವರಾಗಲಿ, ಮದ್ದೂರು ಕಡೆಯ ತೋಟಗಳಲ್ಲಿ ಎಳನೀರು ಕೀಳುವವರಾಗಲಿ, ಹತ್ತುವ ಹಗ್ಗ, ಬೆಲ್ಟುಗಳನ್ನು ನೋಡಿಕೊಳ್ಳುವಷ್ಟು ಎಚ್ಚರದಿಂದ, ಮೇಲೆ ಕೈಕಾಲು ಆಡದಂತಾದರೆ ತಮ್ಮನ್ನು ಇಳಿಸುವವರು ಯಾರು ಎಂಬುದನ್ನು ಮೊದಲೇ ಗೊತ್ತುಮಾಡಿಕೊಳ್ಳುವುದು ಕಡಿಮೆ. ಮಚ್ಚು ತಗುಲಬಹುದು, ಹೆಜ್ಜೇನು ಏಳಬಹುದು, ಬಿಸಿಲಿಗೆ ತಲೆ ಸುತ್ತಬಹುದು. ಬೆಲ್ಟು ಆಗ ಬೀಳದಂತೆ ತಡೆಯುತ್ತದೆ, ನಿಜ. ಆದರೆ ಎಚ್ಚರ ತಪ್ಪಿ ಅಲುಗಾಡದೆ ನೇತಾಡುವವನ ಕಾಲುಗಳಲ್ಲಿ ರಕ್ತ ನಿಂತು, ಕೆಲವೇ ನಿಮಿಷಗಳಲ್ಲಿ ಜೀವಕ್ಕೆ ಅಪಾಯ ಬರಬಹುದು. 112ಕ್ಕೆ ಕರೆ ಮಾಡಲೇಬೇಕು, ಆದರೆ ಗದ್ದೆಯ ಬದುವಿನ ಮೇಲೆ ಏಣಿಗಾಡಿ ಬರುವುದಿಲ್ಲ. ಆದ್ದರಿಂದ ಕವಲೊಡೆದ ಮರದಲ್ಲಿ ಗರಗಸ ಅಥವಾ ಮಚ್ಚು ಹಿಡಿದು ಕೆಲಸ ಮಾಡುವುದಾದರೆ, ಮೇಲೆ ಸಿಕ್ಕಿಕೊಂಡವನನ್ನು ಕೆಳಗಿಳಿಸುವ ರಕ್ಷಣಾ ಹಗ್ಗ ಬೇಕೇ ಬೇಕು.

ಸುಲಭವಾದ ವಿಧಾನವೆಂದರೆ, ಹತ್ತುವ ಹಗ್ಗವನ್ನೇ ಮರದ ಬುಡದಿಂದ ಇಳಿಸಲು ಬರುವಂತೆ ಕಟ್ಟುವುದು. ಮರಳಿನ ಸಣ್ಣ ಚೀಲ ಕಟ್ಟಿದ ತೆಳು ದಾರವನ್ನು ಕಾಂಡಕ್ಕೆ ಹತ್ತಿರದ ಗಟ್ಟಿ ಹಸಿ ಕವಲಿನ ಮೇಲೆ ಎಸೆದು, ಅದರಿಂದ ಹಗ್ಗವನ್ನು ಎಳೆದುಕೊಳ್ಳಬೇಕು. ಹಗ್ಗದ ಒಂದು ಬದಿಯನ್ನು ಬುಡದಲ್ಲಿ ಕಟ್ಟಿದ ಎಂಟರ ಆಕಾರದ ಇಳಿಸುವ ಸಾಧನದಲ್ಲಿ (ಹಗ್ಗವನ್ನು ತಡೆದು ಸ್ವಲ್ಪಸ್ವಲ್ಪವೇ ಬಿಡಲು ಬರುವ ಲೋಹದ ಬಳೆ) ಹಾಯಿಸಿ, ಜಾರದಂತೆ ಬಿಗಿದು, ಇನ್ನೊಂದು ಬದಿಯಲ್ಲಿ ಹತ್ತಬೇಕು. ಹೀಗೆ ಕಟ್ಟಿದಾಗ ಕವಲಿನ ಮೇಲೆ ಹತ್ತುವವನ ತೂಕದ ಸುಮಾರು ಎರಡರಷ್ಟು ಭಾರ ಬೀಳುವುದರಿಂದ, ಮೊದಲು ಇಬ್ಬರು ಒಟ್ಟಿಗೆ ಹಗ್ಗಕ್ಕೆ ಜೋತು ಬಿದ್ದು ಪರೀಕ್ಷಿಸುವುದು ಅಗತ್ಯ. ಮಳೆಮರದ ಕೊಂಬೆಯ ದಪ್ಪ ನೋಡಿ ಮೋಸ ಹೋಗಬಾರದು. ಪೊಟರೆ, ಅಣಬೆ, ಸೀಳು ಕಂಡರೆ ಬೇರೆ ಕವಲು ಹುಡುಕುವುದೇ ಲೇಸು.

ಕವಲು 60 ಅಡಿ ಎತ್ತರದಲ್ಲಿದ್ದರೆ ಹಗ್ಗ ಬುಡದಿಂದ ಕವಲಿಗೆ ಏರಲು 60, ಇನ್ನೊಂದು ಬದಿಯಲ್ಲಿ ನೆಲಕ್ಕೆ ಇಳಿಯಲು 60, ಮೇಲಿರುವವನನ್ನು ನೆಲದವರೆಗೆ ಬಿಡಲು ಮತ್ತೆ 60, ಒಟ್ಟು 180 ಅಡಿ ಹಗ್ಗ ಬೇಕು, ಗಂಟುಗಳಿಗೆ ಇನ್ನಷ್ಟು. ಮನುಷ್ಯರ ಭಾರಕ್ಕೆಂದೇ ತಯಾರಿಸಿದ, ಒಳತಿರುಳಿನ ಮೇಲೆ ಹೆಣೆದ ಕವಚವಿರುವ ಸುಮಾರು 11 ಮಿ.ಮೀ. ಹಗ್ಗವನ್ನೇ ಕೊಳ್ಳಬೇಕು, ಬಾವಿಯ ನೈಲಾನ್ ಹಗ್ಗ ಬಾವಿಗೇ ಇರಲಿ. ಕಡಿದ ಕೊಂಬೆ ಬೀಳುವ ಬದಿಯಲ್ಲಿ ಬುಡದ ಕಟ್ಟು ಇರಬಾರದು.

ಈ ವಿಧಾನಕ್ಕೊಂದು ಮಿತಿಯಿದೆ, ಅದನ್ನೇ ಹಲವರು ಮರೆಯುತ್ತಾರೆ. ಮೇಲಿರುವವನು ಕೆಲಸಕ್ಕೆಂದು ಸೊಂಟದ ಇನ್ನೊಂದು ಹಗ್ಗವನ್ನು ಕೊಂಬೆಗೆ ಸುತ್ತಿಕೊಂಡಿದ್ದರೆ, ಅಥವಾ ಹಗ್ಗ ಬಿಟ್ಟು ದೂರದ ಕೊಂಬೆಗೆ ದಾಟಿದ್ದರೆ, ಬುಡದಿಂದ ಎಷ್ಟು ಸಡಿಲಿಸಿದರೂ ಅವನು ಕೆಳಗೆ ಬರುವುದಿಲ್ಲ. ಅಂಥ ಕೆಲಸಕ್ಕೆ ಬೇರೊಂದು ಕವಲಿನ ಮೇಲೆ ಎರಡನೆಯ ಹಗ್ಗವನ್ನು ಹತ್ತುವ ಮುನ್ನವೇ ಹಾಯಿಸಿಟ್ಟು, ಅದನ್ನು ಬಳಸಬಲ್ಲ ಎರಡನೆಯ ಆಳು ಬೆಲ್ಟು ತೊಟ್ಟು ಕೆಳಗೆ ನಿಂತಿರಬೇಕು. ಹತ್ತಲು ಬಾರದವನು ಕಾವಲಿಗೆ ನಿಂತರೆ ಆ ಹಗ್ಗ ಇದ್ದೂ ಇಲ್ಲದಂತೆ.

ತೆಂಗಿನಲ್ಲಿ ಕವಲೇ ಇಲ್ಲ. ಗರಿ, ಗೊನೆಗಳ ಮೇಲೆ ಹಗ್ಗ ಎಸೆದು ನಂಬುವಂತಿಲ್ಲ. ಅಲ್ಲಿ ಮರ ಹತ್ತುವ ಇನ್ನೊಂದು ಯಂತ್ರ, ಇನ್ನೊಂದು ಬೆಲ್ಟು, ತರಬೇತಿ ಪಡೆದ ಜೊತೆಗಾರ, ಈ ಮೂರೂ ಬುಡದಲ್ಲಿರಬೇಕು. ತೆಂಗು ಅಭಿವೃದ್ಧಿ ಮಂಡಳಿ ಯಂತ್ರದಿಂದ ಮರ ಹತ್ತುವ ತರಬೇತಿ ನಡೆಸುತ್ತ ಬಂದಿದೆ.

ವಿದ್ಯುತ್ ತಂತಿ ತಗುಲಿದ್ದರೆ ಹಗ್ಗವನ್ನೂ ಮರವನ್ನೂ ಮುಟ್ಟದೆ, 1912ಕ್ಕೆ ಕರೆ ಮಾಡಿ ವಿದ್ಯುತ್ ಕಂಪನಿಯಾದ ಚೆಸ್ಕಾಂನವರಿಂದ ಲೈನು ಕಡಿತಗೊಳಿಸಿಕೊಂಡ ಮೇಲೆಯೇ ಮುಂದುವರಿಯಬೇಕು. ಉಳಿದ ಸಂದರ್ಭಗಳಲ್ಲಿ, ಎಚ್ಚರವಿರುವವನಿಗೆ ಕಾಲು ಆಡಿಸುತ್ತಿರಲು ಕೂಗಿ ಹೇಳುತ್ತಲೇ ನಿಧಾನವಾಗಿ ಇಳಿಸಿ, ನೆಲದ ಮೇಲೆ ಅಂಗಾತ ಮಲಗಿಸಿ, ಬೆಲ್ಟು ಸಡಿಲಿಸಿ, ಉಸಿರಾಟ ನೋಡುತ್ತ 108 ಆಂಬುಲೆನ್ಸ್ ಕರೆಸಬೇಕು. ಅವನು ತಾನು ಸರಿಯಾಗಿದ್ದೇನೆ ಎಂದರೂ ಆಸ್ಪತ್ರೆಗೆ ಕಳುಹಿಸಲೇಬೇಕು.